ಸಣ್ಣ ಹಾಯಿದೋಣಿಯ ನಿಯಂತ್ರಣ ಹಗ್ಗಗಳು: ಜೋಡಣೆ, ಬಳಕೆ ಮತ್ತು ಸುರಕ್ಷತೆ

(ಗ್ರಾಮ ಪಂಚಾಯತಿಗಳ ಅಧ್ಯಕ್ಷರು, ಸದಸ್ಯರು, ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು ಹಾಗೂ ಜಲಕ್ರೀಡಾ ತರಬೇತಿಯ ಮೇಲ್ವಿಚಾರಕರ ಮಾಹಿತಿಗಾಗಿ)

ಪೀಠಿಕೆ

ಕರಾವಳಿಯ ಅಳಿವೆಗಳಲ್ಲಿಯೂ ಹಿನ್ನೀರಿನ ಗ್ರಾಮಗಳಲ್ಲಿಯೂ ಯುವಜನರಿಗೆ ಹಾಯಿದೋಣಿ ತರಬೇತಿ ನೀಡುವ ಆಸಕ್ತಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಹಾಯಿ ನಮ್ಮ ಕರಾವಳಿಗೆ ಹೊಸತಲ್ಲ. ಯಂತ್ರಗಳು ಬರುವ ಮೊದಲು ಮಚವೆ, ಮಂಜಿ, ಪತ್ತೆಮಾರಿಗಳು ಗಾಳಿಯನ್ನೇ ನಂಬಿ ಹೆಂಚು, ಅಕ್ಕಿ, ಉಪ್ಪುಗಳನ್ನು ಸಾಗಿಸುತ್ತಿದ್ದವು. ಇಂದು ತರಬೇತಿಗೆ ಬರುವ ದೋಣಿಗಳು ಆ ಬಗೆಯವಲ್ಲ. ಅವು ಒಬ್ಬನೇ ನಡೆಸಬಹುದಾದ ಹಗುರವಾದ ಫೈಬರ್ ದೋಣಿಗಳು. ಅವುಗಳ ಹಾಯಿಯನ್ನು ನಿಯಂತ್ರಿಸುವುದು ನಾಲ್ಕೈದು ತೆಳ್ಳನೆಯ ಹಗ್ಗಗಳು.

ದೋಣಿಯ ಬೆಲೆಯೊಂದಿಗೆ ಹೋಲಿಸಿದರೆ ಈ ಹಗ್ಗಗಳ ಬೆಲೆ ಅತ್ಯಲ್ಪ. ಆದರೂ ದೋಣಿ ಮಗುಚುವುದು, ಮಗುಚಿದ ಮೇಲೆ ಏಳದಿರುವುದು, ಋತುವಿಡೀ ದೋಣಿ ಶೆಡ್ಡಿನಲ್ಲಿ ಧೂಳು ತಿನ್ನುವುದು, ಇವುಗಳ ಹಿಂದೆ ಬಹುಪಾಲು ಇರುವುದು ತಪ್ಪಾಗಿ ಕಟ್ಟಿದ, ಸವೆದ ಅಥವಾ ಸಿಕ್ಕಿಕೊಂಡ ಒಂದು ಹಗ್ಗವೇ. ಪಂಚಾಯತಿಯ ದಾಸ್ತಾನಿನಲ್ಲಿರುವ ದೋಣಿಯನ್ನು ನೀರಿಗಿಳಿಸುವಾಗ ಅದರಲ್ಲಿ ಕೂರುವುದು ನಮ್ಮೂರಿನ ಮಕ್ಕಳು. ಆದ್ದರಿಂದ ಹಗ್ಗಗಳ ಕೆಲಸವೇನು, ಅವುಗಳನ್ನು ಹೇಗೆ ಜೋಡಿಸಬೇಕು, ಮೇಲ್ವಿಚಾರಕರು ಏನನ್ನು ಪರಿಶೀಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಉದಾಹರಣೆಯಾಗಿ ತೆಗೆದುಕೊಂಡಿರುವ ದೋಣಿ

ವಿವರಣೆಗಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಐಎಲ್‌ಸಿಎ ದೋಣಿಯನ್ನು ಆರಿಸಿಕೊಳ್ಳಲಾಗಿದೆ. ಇದರ ಹಿಂದಿನ ಹೆಸರು ಲೇಸರ್. ಕೆನಡಾದ ಬ್ರೂಸ್ ಕರ್ಬಿ ಎಂಬ ವಿನ್ಯಾಸಕಾರರು ಇದನ್ನು ರೂಪಿಸಿದರು. 1970ರ ದಶಕದ ಆರಂಭದಲ್ಲಿ ತಯಾರಿಕೆ ಆರಂಭವಾಯಿತು. 1996ರಿಂದ ಇದು ಒಲಿಂಪಿಕ್ ಸ್ಪರ್ಧೆಯ ದೋಣಿ. ಒಡಲಿನ ಉದ್ದ ಸುಮಾರು 4.2 ಮೀಟರ್, ಒಡಲಿನ ತೂಕ ಸುಮಾರು 59 ಕಿಲೋಗ್ರಾಂ. ಒಂದೇ ಒಡಲಿಗೆ ಮೂರು ಅಳತೆಯ ಹಾಯಿಗಳನ್ನು ಏರಿಸಬಹುದು. ಹಗುರ ಮೈಯ ಕಿರಿಯರಿಗೆ ಐಎಲ್‌ಸಿಎ 4, ಮಧ್ಯಮ ತೂಕದವರಿಗೆ ಐಎಲ್‌ಸಿಎ 6, ವಯಸ್ಕರಿಗೆ ಐಎಲ್‌ಸಿಎ 7. ಇವುಗಳ ಹಾಯಿಯ ವಿಸ್ತೀರ್ಣ ಕ್ರಮವಾಗಿ ಸುಮಾರು 4.7, 5.8 ಮತ್ತು 7.1 ಚದರ ಮೀಟರ್.

2023ರಲ್ಲಿ ಚೀನಾದ ಹ್ಯಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನೇಹಾ ಠಾಕೂರ್ ಅವರು ಬೆಳ್ಳಿಯ ಪದಕ ಗೆದ್ದದ್ದು ಐಎಲ್‌ಸಿಎ 4 ದೋಣಿಯಲ್ಲಿ. ವಿಷ್ಣು ಸರವಣನ್ ಅವರು ಕಂಚಿನ ಪದಕ ಗೆದ್ದದ್ದು ಐಎಲ್‌ಸಿಎ 7ರಲ್ಲಿ. ನೇಹಾ ಅವರು ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಗ್ರಾಮೀಣ ಕುಟುಂಬದವರು. ತರಬೇತಿ ಪಡೆದದ್ದು ಭೋಪಾಲದ ಕೆರೆಯಲ್ಲಿ. ಸಮುದ್ರವೇ ಇಲ್ಲದ ರಾಜ್ಯದ ಹಳ್ಳಿಯ ಹುಡುಗಿಗೆ ಸಾಧ್ಯವಾದದ್ದು ಅಳಿವೆ, ಕೆರೆ, ಜಲಾಶಯಗಳಿರುವ ನಮ್ಮ ಗ್ರಾಮಗಳ ಮಕ್ಕಳಿಗೂ ಸಾಧ್ಯ ಎಂಬುದನ್ನು ಗಮನಿಸಬಹುದು.

2. ಗಾಳಿಯ ಬಲದ ಲೆಕ್ಕ

ಹಗ್ಗಗಳ ಅಗತ್ಯವನ್ನು ಅರಿಯಲು ಗಾಳಿಯ ಬಲವನ್ನು ಅರಿಯಬೇಕು. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 18 ಕಿ.ಮೀ. ವೇಗದಲ್ಲಿ ಬೀಸುತ್ತಿದ್ದರೆ 7 ಚದರ ಮೀಟರ್ ಹಾಯಿಯ ಮೇಲೆ ಬೀಳುವ ಬಲ ಸ್ಥೂಲವಾಗಿ 10ರಿಂದ 11 ಕಿಲೋಗ್ರಾಂ ಭಾರಕ್ಕೆ ಸಮ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗಿ ಸುಮಾರು 43 ಕಿಲೋಗ್ರಾಂ ಆಗುತ್ತದೆ. ವೇಗ 5ರಿಂದ 7 ಮೀಟರಿಗೆ ಏರಿದರೂ ಸಾಕು, ಬಲ ಸರಿಸುಮಾರು ಇಮ್ಮಡಿಯಾಗುತ್ತದೆ. ಹಾಯಿಯ ಆಕಾರ ಮತ್ತು ಗಾಳಿಯ ಕೋನಕ್ಕೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಏರಿಕೆಯ ರೀತಿ ಮಾತ್ರ ಬದಲಾಗುವುದಿಲ್ಲ.

ಈ ಬಲ ದೋಣಿಯನ್ನು ಮುಂದಕ್ಕೆ ಒಯ್ಯುವುದರ ಜೊತೆಗೆ ಪಕ್ಕಕ್ಕೂ ವಾಲಿಸುತ್ತದೆ. ವಾಲುವಿಕೆಯನ್ನು ತಡೆಯುವುದು ನಡೆಸುವವನ ಮೈಭಾರ ಮಾತ್ರ. ಅವನು ಅಂಚಿನಾಚೆಗೆ ಬಾಗಿ ಕುಳಿತರೂ ಆ ಭಾರಕ್ಕೆ ಒಂದು ಮಿತಿಯಿದೆ. ಮಿತಿ ಮೀರಿದ ಬಲವನ್ನು ಹಾಯಿಯಿಂದ ಹೊರಚೆಲ್ಲಬೇಕು. ನಿಯಂತ್ರಣ ಹಗ್ಗಗಳ ಮುಖ್ಯ ಕೆಲಸ ಇದೇ: ಮಂದಗಾಳಿಯಲ್ಲಿ ಬಲವನ್ನು ಹಿಡಿದಿಡುವುದು, ಬಿರುಗಾಳಿಯಲ್ಲಿ ಬಲವನ್ನು ಬಿಟ್ಟುಕೊಡುವುದು.

3. ಐದು ಹಗ್ಗಗಳು ಮತ್ತು ಅವುಗಳ ಕಾರ್ಯ

ಈ ದೋಣಿಯ ಹಾಯಿಗೆ ಬದಿಯಲ್ಲಿ ಉದ್ದನೆಯ ಚೀಲದಂತಹ ತೋಳು ಇದೆ. ಅದನ್ನು ಕೂವೆಮರಕ್ಕೆ ತೊಡಿಸಲಾಗುತ್ತದೆ. ಹಾಯಿಯ ಕೆಳಗೆ ಅಡ್ಡಲಾಗಿ ಇರುವ ಕೊಳವೆಗೆ ಬೂಮ್ ಎಂದು ಹೆಸರು.

ಮೇನ್‌ಶೀಟ್: ಇಲ್ಲಿ 'ಶೀಟ್' ಎಂದರೆ ಬಟ್ಟೆಯಲ್ಲ, ಹಗ್ಗ. ಬೂಮನ್ನು ಒಳಕ್ಕೆಳೆಯುವ ಮತ್ತು ಹೊರಬಿಡುವ ಮುಖ್ಯ ಹಗ್ಗವಿದು. ದಪ್ಪ 6 ಅಥವಾ 7 ಮಿ.ಮೀ., ಉದ್ದ ಸುಮಾರು 13ರಿಂದ 14 ಮೀಟರ್. ಇದರ ಒಂದು ತುದಿಯನ್ನು ಬೂಮಿನ ಹಿಂತುದಿಯ ರಾಟೆಯ ಕುಣಿಕೆಗೆ ಕಟ್ಟಿ, ಅಲ್ಲಿಂದ ಕೆಳಗೆ ಟ್ರಾವೆಲರಿನ ರಾಟೆಗೆ ಇಳಿಸಿ, ಮತ್ತೆ ಮೇಲೆ ಬೂಮಿನ ಹಿಂತುದಿಯ ರಾಟೆಗೆ ಏರಿಸಿ, ಬೂಮಿನ ಉದ್ದಕ್ಕೂ ಮುಂದಕ್ಕೆ ತಂದು, ನಡುವಿನ ರಾಟೆಯ ಮೂಲಕ ದೋಣಿಯ ತಳದಲ್ಲಿರುವ ಹಲ್ಲುರಾಟೆಗೆ ಇಳಿಸಬೇಕು. ಕೈಗೆ ಬರುವುದು ಅಲ್ಲಿಂದ ಹೊರಟ ತುದಿ.

ಟ್ರಾವೆಲರ್: ದೋಣಿಯ ಹಿಂಭಾಗದಲ್ಲಿ ಚುಕ್ಕಾಣಿಯ ಹಿಡಿಯ ಮೇಲಿನಿಂದ ಅಡ್ಡಲಾಗಿ ಹಾದುಹೋಗುವ ಹಗ್ಗವಿದು. ಮೇನ್‌ಶೀಟಿನ ಕೆಳರಾಟೆ ಇದರ ಮೇಲೆ ಎಡಬಲಕ್ಕೆ ಸರಿಯುತ್ತದೆ. ಈ ಹಗ್ಗ ಬಿಗಿಯಾಗಿದ್ದರೆ ರಾಟೆ ದೋಣಿಯ ಅಂಚಿನವರೆಗೂ ಹೋಗಿ ಬೂಮನ್ನು ಕೆಳಮುಖವಾಗಿ ಎಳೆಯುತ್ತದೆ. ಸಡಿಲವಾಗಿದ್ದರೆ ರಾಟೆ ನಡುವಿನಲ್ಲಿ ಮೇಲೆದ್ದು ನಿಲ್ಲುತ್ತದೆ. ಹಾಯಿಯ ಹಿಂದಿನ ಅಂಚು ತೆರೆದುಕೊಂಡು ದೋಣಿ ಗಾಳಿಗೆದುರಾಗಿ ಏರಲಾರದು. ಇದನ್ನು ಸದಾ ಬಿಗಿಯಾಗಿಡಬೇಕು. ಬಿಗಿತ ಹಿಡಿಯ ಚಲನೆಗೆ ಅಡ್ಡಿಯಾಗಬಾರದು.

ವ್ಯಾಂಗ್: ಕೆಲವರು ಇದನ್ನು ಕಿಕ್ಕರ್ ಎನ್ನುತ್ತಾರೆ. ಕೂವೆಮರದ ಬುಡದಿಂದ ಬೂಮಿನ ಕೆಳಭಾಗಕ್ಕೆ ಓರೆಯಾಗಿ ಹೋಗುವ ರಾಟೆಜೋಡಣೆ. ಬೂಮ್ ಮೇಲೇಳದಂತೆ ಇದು ಹಿಡಿದಿಡುತ್ತದೆ. ತನ್ಮೂಲಕ ಹಾಯಿಯ ಹಿಂದಿನ ಅಂಚಿನ ಬಿಗಿತವನ್ನು ನಿರ್ಧರಿಸುತ್ತದೆ. ಗಾಳಿ ನೀರಿನ ಮಟ್ಟಕ್ಕಿಂತ ಮೇಲ್ಭಾಗದಲ್ಲಿ ಹೆಚ್ಚು ವೇಗವಾಗಿ ಬೀಸುವುದರಿಂದ ಹಾಯಿಯ ಮೇಲ್ತುದಿ ಕೆಳಭಾಗಕ್ಕಿಂತ ತುಸು ಹೊರಕ್ಕೆ ತಿರುಚಿಕೊಂಡಿರಬೇಕು. ಆ ತಿರುಚು ಎಷ್ಟು ಎಂಬುದು ವ್ಯಾಂಗಿನ ಕೈಯಲ್ಲಿದೆ.

ಕನಿಂಗ್‌ಹ್ಯಾಮ್: ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆಳೆಯುವ ಹಗ್ಗ. ಅಮೆರಿಕಾಸ್ ಕಪ್ ಸ್ಪರ್ಧೆಯ 1958ರ ವಿಜಯೀ ಹಡಗಿನ ನಾಯಕರಾಗಿದ್ದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಅವರಿಂದ ಈ ಹೆಸರು ಬಂದಿದೆ. ಇದನ್ನೆಳೆದಾಗ ಹಾಯಿಯ ಉಬ್ಬು ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಹಿಂದಿನ ಅಂಚಿನ ಮೇಲ್ಭಾಗ ತೆರೆದುಕೊಂಡು ಹೆಚ್ಚುವರಿ ಗಾಳಿ ಹೊರಹೋಗುತ್ತದೆ.

ಔಟ್‌ಹಾಲ್: ಹಾಯಿಯ ಹಿಂದಿನ ಕೆಳಮೂಲೆಯನ್ನು ಬೂಮಿನ ತುದಿಯ ಕಡೆಗೆ ಎಳೆಯುವ ಹಗ್ಗ. ಇದು ಕೆಳಭಾಗದ ಉಬ್ಬಿನ ಆಳವನ್ನು ನಿರ್ಧರಿಸುತ್ತದೆ. ಸಾಧಾರಣ ಗಾಳಿಯಲ್ಲಿ ಗಾಳಿಗೆದುರಾಗಿ ಸಾಗುವಾಗ ಬೂಮಿಗೂ ಹಾಯಿಯ ಕೆಳ ಅಂಚಿನ ನಡುಭಾಗಕ್ಕೂ ಅರ್ಧ ಗೇಣಿನಷ್ಟು ಅಂತರ, ಗಾಳಿಯ ಜೊತೆ ಸಾಗುವಾಗ ಒಂದು ಗೇಣಿನಷ್ಟು ಅಂತರ ಎಂಬುದು ಕಲಿಯುವವರಿಗೆ ಸುಲಭದ ಅಳತೆ. ಮೂಲೆಯು ಬೂಮಿನಿಂದ ಮೇಲೇಳದಂತೆ ಬೂಮನ್ನು ಸುತ್ತುವ ಒಂದು ಚಿಕ್ಕ ಪಟ್ಟಿ ಅಥವಾ ಹಗ್ಗವೂ ಇರುತ್ತದೆ. ಅದನ್ನು ಬಿಗಿಯಾಗಿ ಕಟ್ಟಬೇಕು. ಆದರೆ ಅದು ಬೂಮಿನ ಮೇಲೆ ಜಾರುವಂತಿರಬೇಕು.

4. ರಾಟೆಗಳ ಲಾಭ ಮತ್ತು ನಷ್ಟ

ಬಾವಿಯ ರಾಟೆ ಎಳೆತದ ದಿಕ್ಕನ್ನಷ್ಟೇ ಬದಲಿಸುತ್ತದೆ, ಭಾರವನ್ನು ಇಳಿಸುವುದಿಲ್ಲ. ಭಾರದ ಜೊತೆಯಲ್ಲಿ ಚಲಿಸುವ ರಾಟೆ ಇದ್ದರೆ ಮಾತ್ರ ಶ್ರಮ ಇಳಿಯುತ್ತದೆ. ಭಾರವನ್ನು ಮೂರು ಎಳೆಗಳು ಹಂಚಿಕೊಂಡರೆ ಲಾಭ ಮೂರು ಪಟ್ಟು. 30 ಕಿಲೋಗ್ರಾಂ ಭಾರಕ್ಕೆ ಕೈಯಿಂದ 10 ಕಿಲೋಗ್ರಾಂ ಎಳೆತ ಸಾಕು. ಇದಕ್ಕೆ ತೆರುವ ಬೆಲೆಯೆಂದರೆ ಒಂದು ಅಡಿ ಬಿಗಿಸಲು ಮೂರು ಅಡಿ ಹಗ್ಗವನ್ನು ಎಳೆಯಬೇಕು.

ಆದರೆ ಇದು ಘರ್ಷಣೆಯನ್ನು ಬಿಟ್ಟು ಮಾಡಿದ ಲೆಕ್ಕ. ಪ್ರತಿ ರಾಟೆಯಲ್ಲಿ ಶೇ. 10ರಷ್ಟು ಎಳೆತ ನಷ್ಟವಾಗುವುದೆಂದು ಇಟ್ಟುಕೊಂಡರೆ, ಮೂರು ರಾಟೆಗಳನ್ನು ಹಾದು ಬರುವ ಮೂರೆಳೆಗಳ ಒಟ್ಟು ಲಾಭ 0.90, 0.81 ಮತ್ತು 0.73ರ ಮೊತ್ತ, ಅಂದರೆ 2.44. ಆಗ 30 ಕಿಲೋಗ್ರಾಂ ಭಾರಕ್ಕೆ 10 ಅಲ್ಲ, 12.3 ಕಿಲೋಗ್ರಾಂ ಎಳೆತ ಬೇಕು. ರಾಟೆಯಲ್ಲಿ ಉಪ್ಪು, ಮರಳು ಸೇರಿದ್ದರೆ ನಷ್ಟ ಇನ್ನೂ ಹೆಚ್ಚು.

ವ್ಯಾಂಗಿನಂತಹ ಕಡೆ ಹೆಚ್ಚು ಲಾಭ ಬೇಕಾದಾಗ ಒಂದರ ತುದಿಗೆ ಇನ್ನೊಂದನ್ನು ಪೋಣಿಸುವ ಪದ್ಧತಿಯಿದೆ. ಎರಡು ಪಟ್ಟು ಲಾಭದ ಮೂರು ಹಂತಗಳನ್ನು ಹೀಗೆ ಜೋಡಿಸಿದರೆ 2 × 2 × 2 = 8 ಪಟ್ಟು ಲಾಭ ದೊರೆಯುತ್ತದೆ. ಇದಕ್ಕೆ ಮೂರೇ ಚಲಿಸುವ ರಾಟೆಗಳು ಸಾಕು. ಪ್ರತಿ ಹಂತದಲ್ಲಿ ಅದೇ ಶೇ. 10ರ ನಷ್ಟವನ್ನು ಕಳೆದರೂ ಲಾಭ 1.9 × 1.9 × 1.9 = 6.86 ಆಗುತ್ತದೆ. ಕಡಿಮೆ ರಾಟೆಗಳಿಂದ ಹೆಚ್ಚು ಲಾಭ ಸಿಗುವುದರಿಂದ ಈ ಜೋಡಣೆ ಸಣ್ಣ ದೋಣಿಗಳಲ್ಲಿ ಜನಪ್ರಿಯವಾಗಿದೆ.

ಆದರೆ ಮೇಲ್ವಿಚಾರಕರು ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಹೆಚ್ಚು ಪಟ್ಟಿನ ಜೋಡಣೆಯಲ್ಲಿ ಬಿಗಿಸುವುದು ಸುಲಭ, ಬಿಡುವುದು ನಿಧಾನ. ಬಿಟ್ಟ ಹಗ್ಗ ಎಂಟು ಪಟ್ಟು ಉದ್ದ ಓಡಿದರೆ ಮಾತ್ರ ಬೂಮ್ ಮೇಲೇಳುತ್ತದೆ. ಹಗ್ಗ ಒರಟಾಗಿದ್ದರೆ, ದಪ್ಪ ಹೆಚ್ಚಾಗಿದ್ದರೆ ಅಥವಾ ಉದ್ದ ಸಾಲದಿದ್ದರೆ ಅದು ಮಧ್ಯದಲ್ಲಿಯೇ ನಿಂತುಬಿಡುತ್ತದೆ. ಬಿಗಿಯುವ ಹಗ್ಗವನ್ನು ಎಳೆದು ಪರೀಕ್ಷಿಸುವುದಕ್ಕಿಂತ ಬಿಟ್ಟು ಪರೀಕ್ಷಿಸುವುದು ಹೆಚ್ಚು ಮುಖ್ಯ.

5. ಹಗ್ಗದ ಆಯ್ಕೆ

ಮೀನುಗಾರಿಕಾ ಸಾಮಗ್ರಿಯ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವುದು ಬಹುತೇಕ ಪಾಲಿಪ್ರೊಪಿಲೀನ್ ಹಗ್ಗ. ಇದು ನೀರಿನಲ್ಲಿ ತೇಲುತ್ತದೆ. ದೋಣಿಯನ್ನು ಎಳೆದೊಯ್ಯಲು ಉಪಯುಕ್ತ. ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಗಂಟು ಸರಿಯಾಗಿ ನಿಲ್ಲುವುದಿಲ್ಲ, ನಿಯಂತ್ರಣಕ್ಕೆ ಯೋಗ್ಯವಲ್ಲ. ನೈಲಾನ್ ಹಗ್ಗ ಬಲವಾದುದಾದರೂ ರಬ್ಬರಿನಂತೆ ಹಿಗ್ಗುತ್ತದೆ. ಲಂಗರಿಗೆ ಈ ಹಿಗ್ಗುವಿಕೆ ಒಳ್ಳೆಯದು, ಹಾಯಿಗೆ ಕೆಟ್ಟದ್ದು. ಬಿರುಗಾಳಿ ಬಡಿದಾಗ ಹಗ್ಗ ಹಿಗ್ಗಿದರೆ ಹಾಯಿ ಚಪ್ಪಟೆಯಾಗಬೇಕಾದ ಕ್ಷಣದಲ್ಲಿಯೇ ಉಬ್ಬುತ್ತದೆ.

ಮೇನ್‌ಶೀಟಿಗೆ ಹೆಣೆದ ಪಾಲಿಯೆಸ್ಟರ್ ಹಗ್ಗ ಉತ್ತಮ. ಹಿಗ್ಗುವಿಕೆ ಕಡಿಮೆ, ಕೈಗೆ ಮೃದು, ಬಿಸಿಲನ್ನು ತಾಳುತ್ತದೆ. ವ್ಯಾಂಗ್, ಕನಿಂಗ್‌ಹ್ಯಾಮ್, ಔಟ್‌ಹಾಲ್ ಮತ್ತು ಟ್ರಾವೆಲರಿಗೆ ಡೈನೀಮಾ ಎಂಬ ನಾರಿನ ತಿರುಳುಳ್ಳ ತೆಳು ಹಗ್ಗವನ್ನು ಬಳಸುವುದು ವಾಡಿಕೆ. ಅದು ಹಿಗ್ಗುವುದು ಅತ್ಯಲ್ಪ. ಆದರೆ ಡೈನೀಮಾ ನುಣುಪಾದುದರಿಂದ ಗಂಟು ಜಾರಬಹುದು; ಗಂಟಿನಾಚೆ ಉದ್ದವಾದ ಬಾಲವನ್ನು ಬಿಡಬೇಕು. ಕ್ಲೀಟ್ ಹಿಡಿಯುವ ಭಾಗಕ್ಕೆ ಹೊದಿಕೆಯುಳ್ಳ ಹಗ್ಗವೇ ಇರಬೇಕು; ಬರಿಯ ಡೈನೀಮಾ ಹಲ್ಲುಗಳ ನಡುವೆ ಜಾರುತ್ತದೆ.

ಪ್ರತಿಯೊಂದು ಹಗ್ಗಕ್ಕೂ ಬೇರೆ ಬಣ್ಣವಿರಲಿ. ಗಾಬರಿಯ ಹೊತ್ತಿನಲ್ಲಿ ಮಗುವಿಗೆ ಹೆಸರು ನೆನಪಾಗದಿದ್ದರೂ "ಕೆಂಪನ್ನು ಬಿಡು" ಎಂಬ ದಡದ ಕೂಗು ಅರ್ಥವಾಗುತ್ತದೆ.

6. ಗಂಟುಗಳು

ಮೂರು ಗಂಟುಗಳು ಸಾಕು. ಮೊದಲನೆಯದು ಬೋಲೈನ್. ಇದು ಎಷ್ಟೇ ಎಳೆದರೂ ಬಿಗಿಯದ, ಕೆಲಸ ಮುಗಿದ ಮೇಲೆ ಸುಲಭವಾಗಿ ಬಿಚ್ಚಬಹುದಾದ ಕುಣಿಕೆ. ಹಗ್ಗದ ಸ್ಥಿರ ತುದಿಯನ್ನು ಕಟ್ಟಲು ಇದನ್ನೇ ಬಳಸಬೇಕು. ಎರಡನೆಯದು ಎಂಟರ ಆಕಾರದ ತಡೆಗಂಟು. ಹಗ್ಗ ರಾಟೆಯಿಂದ ಪೂರ್ತಿ ಕಳಚಿ ಹೋಗದಂತೆ ಬಿಡುತುದಿಗೆ ಹಾಕುವುದು ಇದನ್ನು. ಮೂರನೆಯದು ಕೂವೆಮರ, ಬೂಮುಗಳಿಗೆ ಸುತ್ತಿ ಕಟ್ಟುವ ಎರಡು ಸುತ್ತಿನ ಬಿಗಿಗಂಟು. ಭಾರ ಹೊರುವ ಎರಡು ಹಗ್ಗಗಳನ್ನು ಸೇರಿಸಲು ಪೊಟ್ಟಣ ಕಟ್ಟುವ ಸಾಮಾನ್ಯ ಗಂಟನ್ನು ಬಳಸಲೇಬಾರದು. ಅದು ಅಲುಗಾಟಕ್ಕೆ ತಾನಾಗಿಯೇ ಬಿಚ್ಚುತ್ತದೆ.

ಕ್ಲೀಟ್ ಹಾಳಾದಾಗ ಹಗ್ಗವನ್ನು ಗಂಟು ಹಾಕಿ ನಿಲ್ಲಿಸುವ ಪದ್ಧತಿ ಕೆಲವೆಡೆ ಕಂಡುಬಂದಿದೆ. ಒಂದು ಅಳಿವೆಯಲ್ಲಿ ನಡೆದ ಶಿಬಿರದಲ್ಲಿ ವ್ಯಾಂಗನ್ನು ಹೀಗೆಯೇ ಬಿಗಿಯಾಗಿ ಗಂಟು ಹಾಕಿದ್ದರು. ಮಧ್ಯಾಹ್ನದ ಸಮುದ್ರಗಾಳಿ ಏರಿದಾಗ ಹುಡುಗನು ದಡದ ಕಡೆಗೆ ದೋಣಿಯನ್ನು ತಿರುಗಿಸಿದನು. ಮೇನ್‌ಶೀಟನ್ನು ಬಿಟ್ಟರೂ ಬೂಮ್ ಮೇಲೇಳಲಿಲ್ಲ. ಅದರ ತುದಿ ನೀರಿಗೆ ತಾಗಿ ದೋಣಿ ಮಗುಚಿತು. ಅವನು ಜೀವರಕ್ಷಕ ಜಾಕೆಟ್ ಧರಿಸಿದ್ದನು, ಪಾರುಗಾಣಿಕಾ ದೋಣಿ ಹತ್ತಿರದಲ್ಲಿತ್ತು, ಅಪಾಯವಾಗಲಿಲ್ಲ. ಒದ್ದೆಯಾಗಿ ಬಿಗಿದ ಆ ಗಂಟನ್ನು ದಡಕ್ಕೆ ತಂದ ಮೇಲೂ ಕೈಯಿಂದ ಬಿಚ್ಚಲಾಗದೆ ಚಾಕುವಿನಿಂದ ಕತ್ತರಿಸಬೇಕಾಯಿತು. ಬಿಡಲಾಗದ ಹಗ್ಗವು ನಿಯಂತ್ರಣದ ಹಗ್ಗವಲ್ಲ.

7. ಜೋಡಣೆಯ ಕ್ರಮ

(ಅ) ದೋಣಿಯ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಬೇಕು. ಸುಮಾರು 6 ಮೀಟರ್ ಎತ್ತರದ ಲೋಹದ ಕೂವೆಮರವನ್ನು ಎತ್ತುವ ಮೊದಲು ಮೇಲ್ಗಡೆ ವಿದ್ಯುತ್ ತಂತಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

(ಆ) ಹಾಯಿಯ ತೋಳನ್ನು ಕೂವೆಮರಕ್ಕೆ ತೊಡಿಸಿ, ಮರದ ಬುಡವನ್ನು ಅದರ ಕುಳಿಗೆ ಇಳಿಸಬೇಕು. ಕುಳಿಯಲ್ಲಿ ಮರಳಿನ ಕಣವಿದ್ದರೂ ಅದು ಫೈಬರನ್ನು ಕೊರೆಯುತ್ತದೆ; ಮೊದಲು ನೀರು ಹಾಕಿ ತೊಳೆಯಬೇಕು.

(ಇ) ಕೂವೆಮರವನ್ನು ದೋಣಿಗೆ ಬಂಧಿಸುವ ಸುರಕ್ಷಾ ಹಗ್ಗವನ್ನು ಕೂಡಲೇ ಕಟ್ಟಬೇಕು. ಮರ ಕುಳಿಯಲ್ಲಿ ಸುಮ್ಮನೆ ನಿಂತಿರುತ್ತದೆ. ಈ ಹಗ್ಗವಿಲ್ಲದಿದ್ದರೆ ದೋಣಿ ತಲೆಕೆಳಗಾದಾಗ ಮರವೇ ಕಳಚಿ ಬೀಳುತ್ತದೆ.

(ಈ) ಬೂಮನ್ನು ಕೂವೆಮರದ ಕೀಲಿಗೆ ಸೇರಿಸಿ, ಔಟ್‌ಹಾಲ್ ಮತ್ತು ಮೂಲೆಯ ಪಟ್ಟಿಯನ್ನು ಕಟ್ಟಬೇಕು. ಅನಂತರ ವ್ಯಾಂಗ್, ಆಮೇಲೆ ಕನಿಂಗ್‌ಹ್ಯಾಮ್. ಈ ಹಂತದಲ್ಲಿ ಎಲ್ಲವೂ ಸಡಿಲವಾಗಿರಬೇಕು.

(ಉ) ಟ್ರಾವೆಲರನ್ನು ಹಾಕಿ, ಮೇನ್‌ಶೀಟನ್ನು ಮೇಲೆ ಹೇಳಿದ ದಾರಿಯಲ್ಲಿ ಪೋಣಿಸಿ, ಬಿಡುತುದಿಗೆ ತಡೆಗಂಟು ಹಾಕಬೇಕು. ಹಲ್ಲುರಾಟೆಯಲ್ಲಿ ಹಗ್ಗ ಸರಿಯಾದ ದಿಕ್ಕಿನಲ್ಲಿದ್ದರೆ ಎಳೆಯುವಾಗ ಟಕಟಕ ಸದ್ದು ಕೇಳಿಸುತ್ತದೆ.

(ಊ) ದೋಣಿ ನೀರಿಗಿಳಿದು, ಚುಕ್ಕಾಣಿ ಮತ್ತು ನಡುಹಲಗೆ ಇಳಿಯುವವರೆಗೆ ಮೇನ್‌ಶೀಟನ್ನು ಎಳೆಯಬಾರದು.

8. ಗಾಳಿಗೆ ತಕ್ಕ ಹೊಂದಾಣಿಕೆ

ಮಂದಗಾಳಿ: ಕನಿಂಗ್‌ಹ್ಯಾಮ್ ಪೂರ್ತಿ ಸಡಿಲ, ಹಾಯಿಯ ಮುಂದಿನ ಅಂಚಿನಲ್ಲಿ ಸಣ್ಣ ಸುಕ್ಕುಗಳಿದ್ದರೆ ಚಿಂತೆಯಿಲ್ಲ. ವ್ಯಾಂಗ್ ಬೂಮನ್ನು ಮುಟ್ಟಿ ನಿಲ್ಲುವಷ್ಟು ಮಾತ್ರ. ಔಟ್‌ಹಾಲ್ ಅರ್ಧ ಗೇಣು.

ಸಾಧಾರಣ ಗಾಳಿ: ಸುಕ್ಕು ಮಾಯವಾಗುವಷ್ಟು ಕನಿಂಗ್‌ಹ್ಯಾಮ್. ಮೇನ್‌ಶೀಟನ್ನು ಪೂರ್ತಿ ಎಳೆದು ಬೂಮ್ ಕೆಳಗಿರುವಾಗ ವ್ಯಾಂಗಿನ ಸಡಿಲವನ್ನು ತೆಗೆದುಬಿಡಬೇಕು.

ಬಿರುಗಾಳಿ: ಕನಿಂಗ್‌ಹ್ಯಾಮ್ ಬಲವಾಗಿ, ಔಟ್‌ಹಾಲ್ ಬಿಗಿ, ವ್ಯಾಂಗ್ ಬಿಗಿ. ಆಗ ಮೇನ್‌ಶೀಟನ್ನು ತುಸು ಬಿಟ್ಟರೆ ಬೂಮ್ ಮೇಲೇಳದೆ ಪಕ್ಕಕ್ಕೆ ಹೋಗುತ್ತದೆ; ಹಾಯಿ ಚಪ್ಪಟೆಯಾಗಿಯೇ ಉಳಿಯುತ್ತದೆ.

ಗಾಳಿಯ ಜೊತೆ ಸಾಗಲು ತಿರುಗುವ ಮೊದಲು: ವ್ಯಾಂಗನ್ನು ಕಡ್ಡಾಯವಾಗಿ ಸಡಿಲಿಸಬೇಕು. ಮೇಲೆ ಹೇಳಿದ ಮಗುಚುವಿಕೆಗೆ ಕಾರಣ ಇದನ್ನು ಮಾಡಲಾಗದೆ ಹೋದದ್ದೇ.

ಹೊಸದಾಗಿ ಕಲಿಯುವವರು ಮೇನ್‌ಶೀಟನ್ನು ಯಾವ ಕ್ಲೀಟಿಗೂ ಸಿಕ್ಕಿಸಬಾರದು, ಕೈಗೆ ಸುತ್ತಿಕೊಳ್ಳಲೂಬಾರದು. ಅದು ಸದಾ ಮುಷ್ಟಿಯಲ್ಲಿರಬೇಕು. ಮುಷ್ಟಿ ತೆರೆದೊಡನೆ ಓಡುವಂತಿರಬೇಕು. ಕರಾವಳಿಯಲ್ಲಿ ಚಳಿಗಾಲ ಮತ್ತು ಬೇಸಿಗೆಯ ಬೆಳಗು ಸೌಮ್ಯವಾಗಿದ್ದು, ಮಧ್ಯಾಹ್ನದ ನಂತರ ಸಮುದ್ರಗಾಳಿ ಬಲಗೊಳ್ಳುತ್ತದೆ. ಆರಂಭಿಕರ ತರಗತಿಗಳನ್ನು ಬೆಳಗಿನ ಹೊತ್ತಿಗೇ ನಿಗದಿಪಡಿಸುವುದು ಸೂಕ್ತ.

9. ಚಿಕ್ಕ ಮಕ್ಕಳ ದೋಣಿ

ಹದಿನೈದು ವರ್ಷದವರೆಗಿನ ಮಕ್ಕಳು ಬಳಸುವುದು ಆಪ್ಟಿಮಿಸ್ಟ್ ಎಂಬ 2.3 ಮೀಟರ್ ಉದ್ದದ ದೋಣಿಯನ್ನು. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಇದನ್ನು ರೂಪಿಸಿದರು. ಇದರ ಚೌಕಾಕಾರದ ಹಾಯಿಯ ಮೇಲ್ಮೂಲೆಯನ್ನು ಸ್ಪ್ರಿಟ್ ಎಂಬ ಓರೆಕೋಲು ಎತ್ತಿ ಹಿಡಿಯುತ್ತದೆ. ಹಾಯಿಯ ಸುಕ್ಕೇ ಇಲ್ಲಿ ಸೂಚಕ. ಮೇಲ್ಮೂಲೆಯಿಂದ ಕೂವೆಮರದ ಬುಡದ ಕಡೆಗೆ ಸುಕ್ಕು ಬಿದ್ದರೆ ಸ್ಪ್ರಿಟ್ ಅತಿ ಬಿಗಿ. ಕೂವೆಮರದ ತುದಿಯಿಂದ ಬೂಮಿನ ಹಿಂತುದಿಯ ಕಡೆಗೆ ಸುಕ್ಕು ಬಿದ್ದರೆ ಅತಿ ಸಡಿಲ. ಗಾಳಿತುಂಬಿದ ತೇಲುಚೀಲಗಳ ಪಟ್ಟಿ, ಕೂವೆಮರದ ಬಂಧ ಮತ್ತು ನೀರು ಎತ್ತುವ ಪಾತ್ರೆಯ ದಾರ, ಈ ಮೂರನ್ನು ಪ್ರತಿ ಬಾರಿಯೂ ನೋಡಬೇಕು.

10. ನಿರ್ವಹಣೆ ಮತ್ತು ಪಂಚಾಯತಿಯ ಹೊಣೆ

ಪ್ರತಿ ಬಳಕೆಯ ನಂತರ ಹಗ್ಗ, ರಾಟೆ, ಕ್ಲೀಟುಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಹಗ್ಗವು ಕ್ಲೀಟಿನಲ್ಲಿ ಕೂರುವ ಜಾಗದಲ್ಲಿಯೇ ಮೊದಲು ಸವೆಯುತ್ತದೆ. ಹೊದಿಕೆ ಹರಿದು ತಿರುಳು ಕಂಡರೆ ಬದಲಿಸಬೇಕು. ಕತ್ತರಿಸಿದ ತುದಿಗಳನ್ನು ಬೆಂಕಿಯಲ್ಲಿ ಕರಗಿಸಿ ದಾರದಿಂದ ಸುತ್ತಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಅವಧಿಯಲ್ಲಿ ತರಬೇತಿಯನ್ನೂ ನಿಲ್ಲಿಸಿ, ಹಗ್ಗಗಳನ್ನೆಲ್ಲ ಬಿಚ್ಚಿ ಒಳಗಿರಿಸುವುದು ಯೋಗ್ಯ.

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಗ್ರಾಮ ಪಂಚಾಯತಿಗಳು ಕೆಳಕಂಡ ಕ್ರಮಗಳನ್ನು ಅನುಸರಿಸುವಂತೆ ಕೋರಲಾಗಿದೆ:

(ಅ) ದಾಸ್ತಾನು ವಹಿಯಲ್ಲಿ ದೋಣಿಯನ್ನು ಒಂದು ಘಟಕವೆಂದು ನಮೂದಿಸುವುದರ ಜೊತೆಗೆ ಪ್ರತಿ ಹಗ್ಗದ ಬಣ್ಣ, ದಪ್ಪ, ಉದ್ದ ಮತ್ತು ಅಳವಡಿಸಿದ ದಿನಾಂಕವನ್ನೂ ನಮೂದಿಸುವುದು.

(ಆ) ದೋಣಿ ಖರೀದಿಯ ಅಂದಾಜುಪಟ್ಟಿಯಲ್ಲಿಯೇ ಒಂದು ಜೊತೆ ಬದಲಿ ಹಗ್ಗ ಮತ್ತು ಕ್ಲೀಟುಗಳನ್ನು ಸೇರಿಸುವುದು. ಕೆಲವು ನೂರು ರೂಪಾಯಿಯ ಕ್ಲೀಟಿಗಾಗಿ ಲಕ್ಷಾಂತರ ರೂಪಾಯಿಯ ದೋಣಿ ನಿಲ್ಲಬಾರದು, ಅದರ ಬದಲಿಗೆ ಗಂಟನ್ನೂ ಹಾಕಬಾರದು.

(ಇ) ನೀರಿಗಿಳಿಯುವ ಮೊದಲು ಪ್ರತಿ ಮಗುವೂ ತನ್ನ ದೋಣಿಯ ಎಲ್ಲ ಹಗ್ಗಗಳನ್ನು ತಾನೇ ಬಿಗಿಸಿ, ತಾನೇ ಬಿಟ್ಟು ತೋರಿಸುವುದು. ಬಿಡಲು ಆಗದಿದ್ದರೆ ಆ ದಿನ ಆ ದೋಣಿ ಇಳಿಯಬಾರದು.

(ಈ) ಜೀವರಕ್ಷಕ ಜಾಕೆಟ್, ಪಾರುಗಾಣಿಕಾ ದೋಣಿ, ಮತ್ತು ಆ ದೋಣಿಯಲ್ಲಿ ಒಂದು ಹರಿತವಾದ ಚಾಕು, ಇವಿಲ್ಲದೆ ತರಗತಿ ನಡೆಸದಿರುವುದು.

ಇವು ಯಾವುವೂ ಹೆಚ್ಚಿನ ವೆಚ್ಚವನ್ನು ಬೇಡುವುದಿಲ್ಲ. ದಿನಕ್ಕೆ ಹತ್ತು ನಿಮಿಷದ ಗಮನವನ್ನು ಬೇಡುತ್ತವೆ. ಈ ಲೇಖನದ ಒಂದು ಪ್ರತಿಯನ್ನು ದೋಣಿ ಶೆಡ್ಡಿನ ಸೂಚನಾ ಫಲಕದಲ್ಲಿ ಪ್ರದರ್ಶಿಸಿ, ಶಿಬಿರದ ಮೊದಲ ದಿನ ಮಕ್ಕಳಿಗೂ ಪಾಲಕರಿಗೂ ಓದಿ ತಿಳಿಸುವಂತೆ ಕೋರಲಾಗಿದೆ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ